ಜಪಾನೀ ಚಿತ್ರಗಳ ಸಂಗಡ ಒಂದು ವರ್ಷ

೨೦೨೫ನೆಯ ಇಸವಿ ಜೂನ್ ತಿಂಗಳಲ್ಲಿ ಶಾಲೆ ತೆರೆದಂದಿನಿಂದ ಈ ಫೆಬ್ರುವರಿಯವರೆಗೆ ನಮ್ಮ ಎಂಟನೆಯ ಹಾಗೂ ಒಂಬತ್ತನೆಯ ಇಯತ್ತೆಗಳ ವಿದ್ಯಾರ್ಥಿಗಳು ಜಪಾನಿನ ಆರು 'ಅನಿಮೆ' ಚಿತ್ರಗಳನ್ನು ನೋಡಿ, ಅವುಗಳ ಮೇಲೆ ಕನ್ನಡದಲ್ಲಿ ವಿಮರ್ಶೆಗಳನ್ನು ಬರೆದರು. ತಿಂಗಳಿಗೊಂದು ಚಿತ್ರವೆಂದು ಮೊದಲು ಗೊತ್ತುಮಾಡಿದ್ದೆವು. ಗಣೇಶೋತ್ಸವ, ದೀಪಾವಳಿಯ ರಜೆ, ಘಟಕ ಪರೀಕ್ಷೆಗಳು ಇವುಗಳ ನಡುವೆ ಲೆಕ್ಕವು ಆರಕ್ಕೇ ನಿಂತಿತು. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಮಹಡಿಯ ಕೋಣೆಯ ಕಿಟಕಿಗಳಿಗೆ ಜಮಖಾನೆಗಳನ್ನು ಕಟ್ಟಿ, ಗೋಡೆಯ ಮೇಲೆ ಚಿತ್ರ ಮೂಡಿಸುತ್ತಿದ್ದೆವು. ಆ ಚಿತ್ರಗಳ ವಿಷಯವನ್ನೂ, ಅವುಗಳನ್ನು ಕುರಿತು ಬರೆಯುವಾಗ ತಿಳಿದುಬಂದ ಕೆಲವು ಸಂಗತಿಗಳನ್ನೂ ಉಳಿದ ಇಯತ್ತೆಗಳ ವಿದ್ಯಾರ್ಥಿಗಳಿಗಾಗಿ ಇಲ್ಲಿ ಹೇಳಲೆಳಸುತ್ತೇವೆ.

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಕಾರ್ಟೂನಿಗೇನು ಕೆಲಸವೆಂದು ಪಾಲಕರು ಕೇಳಬಹುದು, ಕೇಳಿದವರೂ ಉಂಟು. ನಮ್ಮ ವಿದ್ಯಾರ್ಥಿಗಳು ಈ ಚಿತ್ರಗಳನ್ನು ನಾವು ತೋರಿಸಿಯೇ ನೋಡಬೇಕಾಗಿರಲಿಲ್ಲ. ಜಪಾನಿನಲ್ಲಿ ೧೯೬೯ರಲ್ಲಿ ಚಿತ್ರಕಥೆಯಾಗಿ ಹುಟ್ಟಿದ 'ಡೊರೆಮಾನ್' ೨೦೦೫ರಲ್ಲಿ ಹಿಂದಿ ಮಾತನಾಡುತ್ತ ನಮ್ಮ ಮನೆಗಳಿಗೆ ಬಂದಿತು. ಅದರ ಬೆನ್ನಿಗೇ 'ಶಿನ್‌ಚಾನ್' ಬಂದನು. ಖೇರವಾಡಿಯಿರಲಿ, ಭಾರತನಗರವಿರಲಿ, ಒಂದೇ ಖೋಲಿಯ ಮನೆಯಲ್ಲಿಯೂ ನೊಬಿತಾನ ಹೆಸರನ್ನರಿಯದ ಮಗುವಿಲ್ಲ. ನಮಗೆ ಬೇರೊಂದು ಸಂಗತಿ ಕಣ್ಣಿಗೆ ಬಿದ್ದಿತು. ಬಿಡುವಿನ ವೇಳೆಯಲ್ಲಿ ಕನ್ನಡದಲ್ಲಿ ಹರಟುತ್ತಿದ್ದ ಹುಡುಗರು ಈ ಚಿತ್ರಗಳ ಮಾತು ಬಂದೊಡನೆ ಹಿಂದಿಗೆ ಹೊರಳುತ್ತಿದ್ದರು. ಹೀಗೇಕೆಂದು ಕೇಳಿದಾಗ ಒಬ್ಬನು, "ಇದನ್ನು ಕನ್ನಡದಾಗ ಹೇಳಾಕ ಬರೂದಿಲ್ಲ, ಸರ್" ಎಂದನು. ಅವನು ಕಲಬುರಗಿಯ ಕಡೆಯವನು. ಮನೆಯಲ್ಲಿ ಕನ್ನಡವಲ್ಲದೆ ಬೇರೆ ಮಾತಿಲ್ಲ. ತಾನು ಅತ್ಯಂತ ಪ್ರೀತಿಸುವ ವಸ್ತುವನ್ನು ತನ್ನ ತಾಯಿನುಡಿಯಲ್ಲಿ ಹೇಳಲು ಬಾರದೆಂದು ಹದಿಮೂರು ವರ್ಷದ ಹುಡುಗನು ನಂಬಿದ್ದಾನೆಂದರೆ, ಕನ್ನಡ ಶಿಕ್ಷಕರಾದ ನಾವು ಸುಮ್ಮನೆ ಇರುವುದು ತರವಲ್ಲ. ಈ ಉದ್ಯೋಗ ಆರಂಭವಾದುದು ಹೀಗೆ.

'ಅನಿಮೆ' ಎಂಬುದು 'ಅನಿಮೇಷನ್' ಎಂಬ ಆಂಗ್ಲ ಶಬ್ದವನ್ನು ಜಪಾನೀಯರು ತಮ್ಮ ನಾಲಿಗೆಗೆ ಒಗ್ಗಿಸಿ ಮೊಟಕುಗೊಳಿಸಿದ ರೂಪ. ಅವರ ನಾಡಿನಲ್ಲಿ ಯಾವ ದೇಶದ ಚಲಿಸುವ ಚಿತ್ರವಾದರೂ ಅನಿಮೆಯೇ. ಹೊರನಾಡುಗಳಲ್ಲಿ ಮಾತ್ರ ಜಪಾನಿನಲ್ಲಿ ತಯಾರಾದವುಗಳಿಗೆ ಈ ಹೆಸರು ಸಲ್ಲುತ್ತದೆ. ಬರೆದ ಚಿತ್ರ ಚಲಿಸುವುದೆಂತು? ನಿಶ್ಚಲವಾದ ಚಿತ್ರಗಳನ್ನು, ಒಂದಕ್ಕಿಂತ ಒಂದು ಸ್ವಲ್ಪವೇ ಬೇರೆಯಾಗಿರುವಂತೆ ಬರೆದು, ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚೌಕಟ್ಟುಗಳ ವೇಗದಲ್ಲಿ ತೋರಿಸಿದರೆ, ನಮ್ಮ ಕಣ್ಣೂ ಮಿದುಳೂ ಅವುಗಳನ್ನು ಒಂದೇ ಚಲನೆಯಾಗಿ ಜೋಡಿಸಿಕೊಳ್ಳುತ್ತವೆ. ಚಿತ್ರದಲ್ಲಿ ಚಲನೆಯೇ ಇಲ್ಲ. ಅದು ಇರುವುದು ನೋಡುವವನಲ್ಲಿ. ಇದು ನಮ್ಮ ಮುಂಬಯಿಗೆ ಹೊಸ ವಿದ್ಯೆಯೇನೂ ಅಲ್ಲ. ದಾದಾಸಾಹೇಬ ಫಾಲ್ಕೆಯವರು 'ರಾಜಾ ಹರಿಶ್ಚಂದ್ರ'ಕ್ಕೂ ಮೊದಲು, ೧೯೧೨ರಲ್ಲಿ, ಬಟಾಣಿಯ ಗಿಡವೊಂದು ಮೊಳೆತು ಬೆಳೆಯುವುದನ್ನು ಒಂದೊಂದೇ ಚೌಕಟ್ಟಾಗಿ ಹಿಡಿದು, ಹಲವು ದಿನಗಳ ಬೆಳವಣಿಗೆಯನ್ನು ಕ್ಷಣಗಳಲ್ಲಿ ತೋರಿಸಿದ್ದರು. ಪೆಡ್ಡರ್ ರಸ್ತೆಯಲ್ಲಿದ್ದ ಫಿಲ್ಮ್ಸ್ ಡಿವಿಷನ್ ೧೯೫೬ರಲ್ಲಿ ಕಾರ್ಟೂನ್ ವಿಭಾಗವನ್ನು ತೆರೆದಾಗ, ಅಮೆರಿಕದ ಡಿಸ್ನಿ ಸಂಸ್ಥೆಯಲ್ಲಿ ಕೆಲಸಮಾಡಿದ್ದ ಕ್ಲೇರ್ ವೀಕ್ಸ್ ಎಂಬವರು ಇಲ್ಲಿಗೆ ಬಂದು ನಮ್ಮ ತರುಣರಿಗೆ ಈ ಕಲೆಯನ್ನು ಕಲಿಸಿದರು. ಜಾತಕ ಕಥೆಯೊಂದನ್ನು ಅವರು ೧೯೫೭ರಲ್ಲಿ ಚಿತ್ರವಾಗಿಸಿದರು. ಅಲ್ಲಿ ಕಲಿತವರಲ್ಲಿ ರಾಮಮೋಹನ ಎಂಬವರ ಹೆಸರನ್ನು ನೆನಪಿಡಿರಿ. ಮುಂದೆ ಅವರ ವಿಷಯ ಬರಲಿದೆ.

ಲೆಕ್ಕದ ಪುಸ್ತಕದ ಮೂಲೆಯಲ್ಲಿ ಹಾರುವ ಕಾಗೆಯನ್ನು ಬರೆದು ಪುಟಗಳನ್ನು ಸರಸರನೆ ಬಿಡುವ ಆಟ ನಿಮಗೆಲ್ಲ ತಿಳಿದದ್ದೇ. ನಮ್ಮ ವಿದ್ಯಾರ್ಥಿಗಳು ನಲವತ್ತು ಪುಟಗಳ ಅಂಥ ಪುಸ್ತಕಗಳನ್ನು ಮಾಡಿದರು. ಸೆಕೆಂಡಿಗೆ ಎಂಟು ಚಿತ್ರಗಳೆಂದು ಹಿಡಿದರೆ ನಲವತ್ತು ಪುಟಗಳಿಗೆ ಐದೇ ಸೆಕೆಂಡುಗಳ ಆಯುಸ್ಸು. ಒಂದು ವಾರದ ದುಡಿಮೆ ಐದು ಸೆಕೆಂಡುಗಳಲ್ಲಿ ಮುಗಿದುಹೋದುದನ್ನು ಕಂಡ ಮೇಲೆ, ಚಿತ್ರ ನೋಡುವಾಗ ಮಧ್ಯದಲ್ಲೆದ್ದು ನೀರು ಕುಡಿಯಲು ಹೋಗುವವರ ಸಂಖ್ಯೆ ಕಡಿಮೆಯಾಯಿತು.

ಎಂಟು ಎಂಬ ಈ ಅಂಕೆಯನ್ನು ನಾವು ಸುಮ್ಮನೆ ಆರಿಸಲಿಲ್ಲ. ಇಪ್ಪತ್ತನಾಲ್ಕು ಚೌಕಟ್ಟುಗಳಿಗೂ ಬೇರೆ ಬೇರೆ ಚಿತ್ರ ಬರೆಯಬೇಕಾದರೆ ಒಂದು ನಿಮಿಷಕ್ಕೆ ೧,೪೪೦ ಚಿತ್ರಗಳು ಬೇಕು. ಒಂದೊಂದು ಚಿತ್ರವನ್ನು ಮೂರು ಮೂರು ಚೌಕಟ್ಟುಗಳ ಕಾಲ ನಿಲ್ಲಿಸಿದರೆ ೪೮೦ ಸಾಕು. ವೈದ್ಯವಿದ್ಯೆಯನ್ನು ಓದಿ, ಚಿತ್ರಕಥೆಗಾರರಾಗಿ ಹೆಸರಾದ ಒಸಾಮು ತೆಜುಕಾ ಅವರು ಟೆಲಿವಿಷನ್ನಿಗಾಗಿ ಪ್ರತಿ ವಾರ ಅರ್ಧ ಗಂಟೆಯ ಕಥೆಯನ್ನು ೧೯೬೩ರ ಜನವರಿ ೧ರಿಂದ ಆರಂಭಿಸಿದಾಗ ಹಣವೂ ಕಡಿಮೆ, ಕೈಗಳೂ ಕಡಿಮೆ. ಅವರು ಮಿತವ್ಯಯದ ಮಾರ್ಗ ಹಿಡಿದರು: ಮೈಯನ್ನು ನಿಶ್ಚಲವಾಗಿರಿಸಿ ತುಟಿಗಳನ್ನು ಮಾತ್ರ ಆಡಿಸುವುದು, ಓಡುವವನನ್ನು ಬಿಟ್ಟು ಹಿನ್ನೆಲೆಯನ್ನು ಸರಿಸುವುದು, ಒಮ್ಮೆ ಬರೆದುದನ್ನು ಮತ್ತೊಂದು ಕಂತಿನಲ್ಲಿ ಬಳಸುವುದು. ಬಡತನದಿಂದ ಹುಟ್ಟಿದ ಈ ಉಪಾಯವೇ ಮುಂದೆ ಒಂದು ಶೈಲಿಯಾಯಿತು. ಅನಿಮೆಯ ದೊಡ್ಡ ಕಣ್ಣುಗಳೂ ಬಹುಮಟ್ಟಿಗೆ ತೆಜುಕಾ ಅವರಿಂದ ಬಂದವು. ಅವರಿಗೆ ಡಿಸ್ನಿಯ ಚಿತ್ರಗಳೆಂದರೆ ಪ್ರಾಣ. ಬಾಲ್ಯ ಕಳೆದ ತಕಾರಾಜುಕಾ ಪಟ್ಟಣದಲ್ಲಿ ಹೆಂಗಸರೇ ಎಲ್ಲ ಪಾತ್ರಗಳನ್ನು ಧರಿಸುವ ಪ್ರಸಿದ್ಧ ರಂಗಶಾಲೆಯಿತ್ತು. ಅಲ್ಲಿಯ ನಟಿಯರ ಬಣ್ಣ ಹಚ್ಚಿದ ಕಣ್ಣುಗಳನ್ನು ಅವರು ಮರೆಯಲಿಲ್ಲ.

"ಮನುಷ್ಯರ ಕಣ್ಣು ಹೀಗಿರುತ್ತವೆಯೇ?" ಎಂದು ನಮ್ಮ ಸಹೋದ್ಯೋಗಿಗಳೊಬ್ಬರು ನಕ್ಕರು. ಕರಾವಳಿಯಲ್ಲಿ ರಾತ್ರಿಯಿಡೀ ಬಯಲಾಟ ನೋಡಿ ಬೆಳೆದ ನಮಗೆ ಈ ಪ್ರಶ್ನೆ ಅಷ್ಟು ಬಾಧಕವೆನಿಸಲಿಲ್ಲ. ಬಣ್ಣದ ವೇಷದ ಮುಖದಂಥ ಮುಖವನ್ನು ಹೊತ್ತವರು ಲೋಕದಲ್ಲಿ ಯಾರಿದ್ದಾರೆ? ನಾಲ್ಕು ಹೆಜ್ಜೆ ಸುತ್ತಿದರೆ ಹಸ್ತಿನಾವತಿಯಿಂದ ದ್ವಾರಕೆಗೆ ಬಂದಂತಾಯಿತೆಂದು ಒಪ್ಪಿಕೊಳ್ಳುವ ಪ್ರೇಕ್ಷಕನಿಗೆ ಅನಿಮೆಯ ಕಣ್ಣು ದೊಡ್ಡದಾಗಿ ಕಾಣಬಾರದು. ಬಯಲುಸೀಮೆಯ ವಿದ್ಯಾರ್ಥಿಗಳು ಇದಕ್ಕೆ ದೊಡ್ಡಾಟದ ಕಿರೀಟಗಳನ್ನೂ ಭುಜಕೀರ್ತಿಗಳನ್ನೂ ಸಾಕ್ಷಿಯಾಗಿ ತಂದರು.

ಮೊದಲ ತೊಡಕು ಭಾಷೆಯದಾಗಿತ್ತು. ಈ ಚಿತ್ರಗಳ ಮಾತು ಜಪಾನೀ. ಕೆಳಗೆ ಬರುವ ಅಡಿಬರಹ ಆಂಗ್ಲ. ನಮ್ಮ ಮಕ್ಕಳು ಆಂಗ್ಲವನ್ನು ಓದಬಲ್ಲರು. ಆದರೆ ಅದು ಓಡುವ ವೇಗಕ್ಕೆ ಅಲ್ಲ. ಆಗ ನಮಗೆ ಜಪಾನೀಯರ ಒಂದು ಹಳೆಯ ಪದ್ಧತಿಯೇ ನೆರವಿಗೆ ಬಂದಿತು. ಮೂಕಚಿತ್ರಗಳ ಕಾಲದಲ್ಲಿ ಅಲ್ಲಿಯ ಚಿತ್ರಮಂದಿರಗಳಲ್ಲಿ 'ಬೆನ್ಶಿ' ಎಂಬ ಕಲಾವಿದನು ಪರದೆಯ ಪಕ್ಕದಲ್ಲಿ ನಿಂತು, ಕಥೆಯನ್ನು ವಿವರಿಸುತ್ತ, ಎಲ್ಲ ಪಾತ್ರಗಳ ಮಾತನ್ನೂ ತಾನೇ ಆಡುತ್ತಿದ್ದನು. ಪರದೆಯ ಮೇಲಿನ ನಟರಿಗಿಂತ ಪಕ್ಕದಲ್ಲಿ ನಿಂತ ಬೆನ್ಶಿಯ ಹೆಸರು ನೋಡಿ ಜನ ಬರುತ್ತಿದ್ದುದೂ ಉಂಟು. ಜಗತ್ಪ್ರಸಿದ್ಧ ನಿರ್ದೇಶಕ ಅಕಿರಾ ಕುರೊಸಾವಾ ಅವರ ಅಣ್ಣ ಅಂಥವರಲ್ಲೊಬ್ಬರು. ೧೯೩೦ರ ದಶಕದಲ್ಲಿ ಮಾತಿನ ಚಿತ್ರಗಳು ಹಬ್ಬಿದಂತೆ ಆ ವೃತ್ತಿ ಅಳಿಯಿತು. ಅಳಿದ ವೃತ್ತಿಯನ್ನು ಬಾಂದ್ರಾದ ಒಂದು ಕನ್ನಡ ಶಾಲೆಯ ಮಹಡಿಯಲ್ಲಿ ನಾವು ಎಬ್ಬಿಸಿದೆವು. ಮೊದಲ ಚಿತ್ರಕ್ಕೆ ಶಿಕ್ಷಕರೇ ಬೆನ್ಶಿ. ಎರಡನೆಯದರಿಂದ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ವಾರವಿಡೀ ಮಾತುಗಳನ್ನು ಕನ್ನಡಿಸಿ ಬರೆದುಕೊಂಡು, ಶನಿವಾರ ಗೋಡೆಯ ಪಕ್ಕದಲ್ಲಿ ನಿಂತು ಆಡತೊಡಗಿದರು. ಒಬ್ಬ ಹುಡುಗನು ಮುದುಕಿಯ ಮಾತನ್ನು ತನ್ನ ಅಜ್ಜಿಯ ವಿಜಯಪುರದ ಕನ್ನಡದಲ್ಲಿ ಆಡಿದಾಗ ಕೋಣೆಯೆಲ್ಲ ನಕ್ಕಿತು. ಅಜ್ಜಿ ಜಪಾನಿನವಳೆಂಬುದನ್ನು ಆಮೇಲೆ ಎಲ್ಲರೂ ಮರೆತರು.

ಮೊದಲ ಚಿತ್ರ 'ನನ್ನ ನೆರೆಯ ಟೊಟೊರೊ'. ೧೯೮೫ರಲ್ಲಿ ಸ್ಥಾಪನೆಯಾದ ಘಿಬ್ಲಿ ಚಿತ್ರಶಾಲೆಯಿಂದ ೧೯೮೮ರಲ್ಲಿ ಬಂದುದು. ನಿರ್ದೇಶಕರು ಹಯಾವೊ ಮಿಯಾಜಾಕಿ. ತಾಯಿ ಆಸ್ಪತ್ರೆಯಲ್ಲಿರುವಾಗ ಇಬ್ಬರು ಹೆಣ್ಣುಮಕ್ಕಳು ತಂದೆಯ ಸಂಗಡ ಹಳ್ಳಿಮನೆಗೆ ಬಂದು, ಕರ್ಪೂರದ ಮರದ ಕೆಳಗೆ ವಾಸಿಸುವ ವನದ ಜೀವಿಯೊಂದರ ಗೆಳೆತನ ಸಂಪಾದಿಸುವ ಕಥೆ. ಮಿಯಾಜಾಕಿಯವರ ತಾಯಿಯೂ ಬೆನ್ನೆಲುಬಿನ ಕ್ಷಯದಿಂದ ದೀರ್ಘಕಾಲ ನರಳಿದವರು. ಇಲ್ಲಿಯೇ ಬೆನ್ಶಿಗಳಿಗೆ ಒಂದು ಸೋಜಿಗ ಕಾಣಿಸಿತು. ಕಿರಿಯ ಹುಡುಗಿ ಮೇ ತನ್ನ ಅಕ್ಕ ಸತ್ಸುಕಿಯನ್ನು ಕರೆಯುವುದು 'ಒನೇಚಾನ್' ಎಂದು. ಅದರ ಅರ್ಥ 'ಅಕ್ಕ'. ಆಂಗ್ಲ ಅಡಿಬರಹದಲ್ಲಿ ಹಲವೆಡೆ ಅದು ಬರಿಯ ಹೆಸರಾಗಿಬಿಡುತ್ತದೆ. ಆಂಗ್ಲರಲ್ಲಿ ಅಕ್ಕನನ್ನು ಹೆಸರು ಹಿಡಿದು ಕರೆಯುವುದೇ ರೂಢಿ. ಕನ್ನಡದ ಬೆನ್ಶಿ 'ಅಕ್ಕಾ' ಎಂದು ಕೂಗಿದೊಡನೆ ಜಪಾನೀ ಮಾತು ತನ್ನ ಮನೆಗೆ ಬಂದಂತಾಯಿತು. ಹೆಸರಿನ ಮುಂದೆ ಅವರು ಹಚ್ಚುವ 'ಸಾನ್' ನಮ್ಮ 'ಅವರು'. ಅವರ ವಾಕ್ಯದಲ್ಲಿಯೂ ಕ್ರಿಯಾಪದ ನಮ್ಮಲ್ಲಿಯಂತೆ ಕೊನೆಗೇ ಬರುತ್ತದೆ. ಏನಾಯಿತೆಂದು ತಿಳಿಯಲು ಕೊನೆಯವರೆಗೆ ಕಾಯಬೇಕು. ಕನ್ನಡದಲ್ಲಿ ಹೇಳಲು ಬಾರದೆಂಬ ಆ ಹುಡುಗನ ಮಾತಿಗೆ ಇಷ್ಟರಲ್ಲೇ ಒಂದು ಉತ್ತರ ದೊರಕಿತ್ತು.

ಆದರೆ ವಿಮರ್ಶೆಗಳು? ಮೊದಲ ತಿಂಗಳು ಬಂದ ಬರಹಗಳೆಲ್ಲ ಒಂದೇ ಅಚ್ಚಿನವು: ಚಿತ್ರ ಬಹಳ ಚೆನ್ನಾಗಿದೆ, ಎಲ್ಲರೂ ನೋಡಬೇಕು, ಐದಕ್ಕೆ ಐದು ನಕ್ಷತ್ರಗಳು. ಮೂವರು ಮೊಬೈಲಿನ ಯಂತ್ರದಿಂದ ಬರೆಯಿಸಿಕೊಂಡು ಬಂದರು. ಅವುಗಳ ಕನ್ನಡದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಬೆಕ್ಕಿನ ಬಸ್ಸಿಗೆ ಹನ್ನೆರಡು ಕಾಲುಗಳೆಂಬುದನ್ನು ಅವುಗಳಲ್ಲಿ ಒಂದೂ ಕಂಡಿರಲಿಲ್ಲ. ಆಮೇಲೆ ನಾವು ಎರಡು ನಿಯಮಗಳನ್ನು ಮಾಡಿದೆವು. 'ಚೆನ್ನಾಗಿದೆ', 'ಚೆನ್ನಾಗಿಲ್ಲ' ಎಂಬ ಮಾತುಗಳನ್ನು ಬಳಸಕೂಡದು. ಕಣ್ಣಿಗೆ ಕಂಡ, ಕಿವಿಗೆ ಕೇಳಿದ ಒಂದು ಸಂಗತಿಯನ್ನು ಹೇಳದೆ ಅಭಿಪ್ರಾಯವನ್ನು ಹೇಳಕೂಡದು. ಕೆಲವರಿಗೆ ಇದು ಗಣಿತಕ್ಕಿಂತ ಕಠಿನವೆನಿಸಿತು. ಕೊನೆಗೆ ಎಂಟನೆಯ ಇಯತ್ತೆಯ ಒಬ್ಬ ವಿದ್ಯಾರ್ಥಿನಿ ಮಳೆಯ ದೃಶ್ಯವೊಂದನ್ನು ಎತ್ತಿಕೊಂಡಳು. ಸತ್ಸುಕಿ ನಿದ್ದೆಹೋದ ತಂಗಿಯನ್ನು ಬೆನ್ನ ಮೇಲೆ ಹೊತ್ತು, ತಂದೆಗಾಗಿ ಕೊಡೆ ಹಿಡಿದು ಬಸ್ ನಿಲ್ದಾಣದಲ್ಲಿ ಕಾಯುತ್ತಾಳೆ, ಪಕ್ಕದಲ್ಲಿ ಟೊಟೊರೊ ಬಂದು ನಿಲ್ಲುತ್ತದೆ, ಹನಿಗಳು ಬೀಳುತ್ತವೆ. ಬಹಳ ಹೊತ್ತು ಮಾತಿಲ್ಲ. "ಏನೂ ಆಗುವುದಿಲ್ಲ; ಆದರೂ ಕಣ್ಣು ತೆಗೆಯಲಾಗಲಿಲ್ಲ; ಯಾಕೆ?" ಎಂದು ಅವಳು ಬರೆದಿದ್ದಳು. ವಿಮರ್ಶೆ ಎಂಬುದು ನಮ್ಮ ಶಾಲೆಯಲ್ಲಿ ಆರಂಭವಾದುದು ಆ 'ಯಾಕೆ'ಯಿಂದ ಎನ್ನಬೇಕು.

ಅವಳ ಪ್ರಶ್ನೆಗೆ ಜಪಾನೀಯರಲ್ಲಿ ಒಂದು ಶಬ್ದವುಂಟು: 'ಮಾ'. ಎರಡು ವಸ್ತುಗಳ, ಎರಡು ಸದ್ದುಗಳ ನಡುವಣ ತೆರಪು. ೨೦೦೨ರಲ್ಲಿ ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಅವರೊಡನೆ ಮಾತನಾಡುವಾಗ ಮಿಯಾಜಾಕಿಯವರು ಕೆಲವು ಬಾರಿ ಚಪ್ಪಾಳೆ ತಟ್ಟಿ, ಚಪ್ಪಾಳೆಗಳ ನಡುವಿನ ಅವಕಾಶವೇ 'ಮಾ' ಎಂದು ವಿವರಿಸಿದರು. ಅದಿಲ್ಲದೆ ಬರಿಯ ಗಡಿಬಿಡಿಯೇ ತುಂಬಿದ್ದರೆ ನೋಡುವವನ ಮನಸ್ಸು ಜಡವಾಗುವುದೆಂದು ಅವರ ಅಭಿಪ್ರಾಯ.

ಜುಲೈ ತಿಂಗಳಲ್ಲಿ ನೋಡಿದ್ದು ಅವರದೇ ೨೦೦೧ರ ಚಿತ್ರ, ಆಂಗ್ಲದಲ್ಲಿ 'ಸ್ಪಿರಿಟೆಡ್ ಅವೇ' ಎಂದು ಹೆಸರಾದುದು. ೨೦೦೨ರಲ್ಲಿ ಬರ್ಲಿನ್ನಿನ ಸುವರ್ಣ ಕರಡಿಯನ್ನೂ ೨೦೦೩ರಲ್ಲಿ ಆಸ್ಕರ್ ಪ್ರಶಸ್ತಿಯನ್ನೂ ಪಡೆದಿದೆ. ಹತ್ತು ವರ್ಷದ ಚಿಹಿರೊ ದೇವತೆಗಳ ಸ್ನಾನಗೃಹದಲ್ಲಿ ದುಡಿಯಬೇಕಾಗಿ ಬರುತ್ತದೆ. ಅಲ್ಲಿಯ ಒಡತಿ ಕರಾರುಪತ್ರದಿಂದ ಅವಳ ಹೆಸರಿನ ಅಕ್ಷರಗಳನ್ನೇ ಕಿತ್ತುಕೊಂಡು 'ಸೆನ್' ಎಂದಿಷ್ಟನ್ನು ಉಳಿಸುತ್ತಾಳೆ. 'ಚಿಹಿರೊ' ಎಂದರೆ ಸಾವಿರ ಮಾರು ಆಳ. 'ಸೆನ್' ಎಂದರೆ ಬರಿಯ ಸಾವಿರ. ಆಳ ಹೋಯಿತು, ಅಂಕೆ ಉಳಿಯಿತು. ತನ್ನ ಹೆಸರನ್ನು ಮರೆತವನಿಗೆ ಮನೆಗೆ ಹೋಗುವ ದಾರಿ ತಿಳಿಯದೆಂಬುದು ಆ ಲೋಕದ ನಿಯಮ. ಇದನ್ನು ನೋಡಿ, ತಮ್ಮ ಹೆಸರುಗಳನ್ನು ಈ ನಗರದ ಜನ ಹೇಗೆ ಹೇಗೆ ಮೊಟಕುಗೊಳಿಸಿದ್ದಾರೆಂದು ಪಟ್ಟಿ ಬರೆದವರು ಹನ್ನೊಂದು ಮಂದಿ!

ಈ ಚಿತ್ರದಲ್ಲಿ ದುರ್ನಾತ ಬೀರುವ ಕೆಸರಿನ ಗುಡ್ಡೆಯಂಥ ದೇವರೊಬ್ಬನು ಸ್ನಾನಕ್ಕೆ ಬರುತ್ತಾನೆ. ಅವನ ಮೈಯಲ್ಲಿ ನೆಟ್ಟಿದ್ದ ಏನನ್ನೋ ಚಿಹಿರೊ ಹಿಡಿದೆಳೆದರೆ ಮೊದಲು ಬರುವುದು ಒಂದು ಸೈಕಲ್ಲು. ಅದರ ಹಿಂದೆ ಗುಡ್ಡದಷ್ಟು ಕಸ. ಎಲ್ಲ ಹೊರಬಿದ್ದ ಮೇಲೆ ತಿಳಿಯುತ್ತದೆ, ಅವನು ನದಿಯ ದೇವರು. ಮಿಯಾಜಾಕಿಯವರು ತಮ್ಮ ಮನೆಯ ಬಳಿಯ ನದಿಯನ್ನು ಶುಚಿಗೊಳಿಸುವ ಕಾರ್ಯದಲ್ಲಿ ಕೈಗೂಡಿಸಿದ್ದರು. ಆಗ ಅದರಿಂದ ನಿಜವಾಗಿಯೂ ಸೈಕಲ್ಲೊಂದನ್ನು ಎಳೆದು ತೆಗೆಯಲಾಗಿತ್ತು. ನಮ್ಮ ವಿದ್ಯಾರ್ಥಿಗಳಿಗೆ ಜಪಾನಿನ ಆ ನದಿ ಗೊತ್ತಿಲ್ಲ, ಮೀಠಿ ಗೊತ್ತು. ವಿಹಾರ, ಪವಾಯಿ ಕೆರೆಗಳ ಕೋಡಿಯ ನೀರಾಗಿ ಹೊರಟು, ಬಾಂದ್ರಾಕ್ಕೂ ಧಾರಾವಿಗೂ ನಡುವೆ ಕಪ್ಪಗೆ ಹರಿದು ಮಾಹಿಮ್ ಖಾಡಿಯನ್ನು ಸೇರುವ ಈ ನದಿಯನ್ನು ಅನೇಕರು ನಾಲೆಯೆಂದೇ ತಿಳಿದಿದ್ದರು. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ ೯೪೪ ಮಿಲಿಮೀಟರ್ ಮಳೆ ಬಿದ್ದಾಗ ಮೀಠಿ ತಾನು ನದಿಯೆಂಬುದನ್ನು ನೆನಪಿಸಿತು. ಆಗ ಈ ಮಕ್ಕಳಾರೂ ಹುಟ್ಟಿರಲಿಲ್ಲ. ಅಂದಿನ ಕಥೆಯನ್ನು ತಂದೆತಾಯಿಗಳಿಂದ ಕೇಳಿ ಬರೆದುಕೊಂಡು ಬರಲು ಹೇಳಿದೆವು. ಕುತ್ತಿಗೆಯವರೆಗಿನ ನೀರಿನಲ್ಲಿ ಹಗ್ಗ ಹಿಡಿದು ನಡೆದವರ ಕಥೆಗಳು ವಿಮರ್ಶೆಯೊಳಗೆ ಬಂದವು. ಚಿತ್ರದ ಇನ್ನೊಬ್ಬ ನದಿಯ ದೇವರಾದ ಹಾಕುವಿನ ನದಿಯನ್ನಂತೂ ಮುಚ್ಚಿ ಅದರ ಮೇಲೆ ಮನೆಗಳನ್ನೇ ಕಟ್ಟಿಬಿಟ್ಟಿದ್ದಾರೆ. ಮೀಠಿಯ ಜೌಗುನೆಲವನ್ನು ತುಂಬಿ ಎದ್ದ ಬಾಂದ್ರಾ-ಕುರ್ಲಾ ಸಂಕುಲದ ಗಾಜಿನ ಸೌಧಗಳನ್ನು ದಿನವೂ ಕಾಣುವ ಹುಡುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಲಿಲ್ಲ. ಅದೇ ಸಂಕುಲದಲ್ಲಿ ಈಗ ನೆಲದಡಿ ಸುಮಾರು ೩೨ ಮೀಟರ್ ಆಳದಲ್ಲಿ ಅಹಮದಾಬಾದಿಗೆ ಹೋಗುವ ಜಪಾನೀ ತಂತ್ರದ ರೈಲಿಗೆ ನಿಲ್ದಾಣ ಕಟ್ಟುತ್ತಿದ್ದಾರೆ. ಚಿತ್ರದಲ್ಲಿ ನೀರಿನ ಮೇಲೆ ಸದ್ದಿಲ್ಲದೆ ಸಾಗುವ ರೈಲನ್ನು ನೋಡಿದ ಒಬ್ಬನು, "ನಮ್ಮದು ನೀರಿನ ಕೆಳಗೆ ಹೋಗುತ್ತದೆ" ಎಂದು ಹೆಮ್ಮೆಪಟ್ಟನು. ಠಾಣೆಯ ಖಾಡಿಯ ಕೆಳಗೆ ಸುರಂಗವಿರುವುದರಿಂದ ಅವನ ಮಾತು ಸುಳ್ಳಲ್ಲ.

ಸೆಪ್ಟೆಂಬರಿನಲ್ಲಿ 'ಕಿಕಿ'. ಎಇಕೊ ಕದೊನೊ ಅವರ ೧೯೮೫ರ ಕಾದಂಬರಿ, ೧೯೮೯ರ ಚಿತ್ರ. ಮಾಟಗಾತಿಯರ ಕುಲದ ಹುಡುಗಿ ಹದಿಮೂರು ವರ್ಷ ತುಂಬಿದೊಡನೆ ಮನೆ ಬಿಟ್ಟು ಅಪರಿಚಿತ ನಗರದಲ್ಲಿ ಒಂದು ವರ್ಷ ಸ್ವಂತ ದುಡಿಮೆಯಿಂದ ಬದುಕಬೇಕು. ಕಿಕಿ ರೊಟ್ಟಿಯಂಗಡಿಯ ಅಟ್ಟದ ಮೇಲೆ ವಾಸಿಸುತ್ತ, ಪೊರಕೆಯ ಮೇಲೆ ಹಾರಿ ಜನರ ಸಾಮಾನುಗಳನ್ನು ಮುಟ್ಟಿಸುತ್ತಾಳೆ. ಹದಿಮೂರರ ವಯಸ್ಸಿನಲ್ಲಿ ಮನೆ ಬಿಟ್ಟು ನಗರಕ್ಕೆ ಬರುವುದು ಮುಂಬಯಿಯ ಕನ್ನಡಿಗರಿಗೆ ಮಾಟವೇನೂ ಅಲ್ಲ. ನಮ್ಮ ಕರಾವಳಿಯಿಂದ ಅದೇ ವಯಸ್ಸಿನ ಎಷ್ಟೋ ಹುಡುಗರು ಬಂದು, ಹಗಲು ಹೋಟೆಲುಗಳಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಅವರ ಮೊಮ್ಮಕ್ಕಳಲ್ಲೊಬ್ಬಳು, "ನನ್ನ ಅಜ್ಜನಿಗೆ ಪೊರಕೆ ಇತ್ತು, ಆದರೆ ಅದು ಹಾರುತ್ತಿರಲಿಲ್ಲ" ಎಂದು ಬರೆದಳು. ಚಿತ್ರದ ನಡುವೆ ಕಿಕಿಗೆ ಇದ್ದಕ್ಕಿದ್ದಂತೆ ಹಾರುವ ಶಕ್ತಿ ಹೋಗುತ್ತದೆ. ಕಾರಣವನ್ನು ಯಾರೂ ಹೇಳುವುದಿಲ್ಲ. ಹೇಳಬೇಕಿತ್ತೆಂದು ಅರ್ಧದಷ್ಟು ವಿದ್ಯಾರ್ಥಿಗಳು ಆಕ್ಷೇಪಿಸಿದರು. ಊರು ಬಿಟ್ಟು ಬಂದು ಮೊದಲ ವರ್ಷ ಕಳೆದವರಿಗೆ ಆ ಕಾರಣ ಹೇಳದೆಯೇ ತಿಳಿಯುತ್ತದೆಂದು ನಮ್ಮ ಎಣಿಕೆ. ಆದರೆ ಅಂಕಗಳನ್ನು ಎರಡು ಪಕ್ಷಗಳಿಗೂ ಸಮನಾಗಿಯೇ ಕೊಟ್ಟೆವು.

ದೀಪಾವಳಿಯ ರಜೆ ಮುಗಿದ ಮೇಲೆ ನೋಡಿದ 'ರಾಮಾಯಣ: ದ ಲೆಜೆಂಡ್ ಆಫ್ ಪ್ರಿನ್ಸ್ ರಾಮ' ಚಿತ್ರದ ಹುಟ್ಟು ಸ್ವಾರಸ್ಯದ್ದು. ಪುರಾತತ್ತ್ವಜ್ಞ ಬಿ. ಬಿ. ಲಾಲ್ ಅವರ ಉತ್ಖನನಗಳ ಸಾಕ್ಷ್ಯಚಿತ್ರಕ್ಕಾಗಿ ೧೯೮೩ರಲ್ಲಿ ಭಾರತಕ್ಕೆ ಬಂದ ಯುಗೊ ಸಾಕೊ ಅವರು ರಾಮಾಯಣಕ್ಕೆ ಮನಸೋತು, ದೇವರನ್ನು ನಟರಿಗಿಂತ ಬರೆದ ಚಿತ್ರವೇ ಚೆನ್ನಾಗಿ ತೋರಿಸಬಲ್ಲುದೆಂದು ನಿಶ್ಚಯಿಸಿದರು. ಅವರೊಡನೆ ನಿರ್ದೇಶಕರಾಗಿ ಸೇರಿದವರು ನಾವು ಮೇಲೆ ಹೇಳಿದ ರಾಮಮೋಹನರು. ಸಂಗೀತ ವನರಾಜ ಭಾಟಿಯಾ ಅವರದು. ಚಿತ್ರ ಸಿದ್ಧವಾಗುವ ಹೊತ್ತಿಗೆ ೧೯೯೨ ಬಂದಿತ್ತು. ನಮ್ಮ ಚಿತ್ರಮಂದಿರಗಳಲ್ಲಿ ಅದು ವಿಧಿವತ್ತಾಗಿ ತೆರೆಕಂಡುದು ೨೦೨೫ರ ಜನವರಿ ೨೪ರಂದು. ಹಿಂದಿ, ತಮಿಳು, ತೆಲುಗು, ಆಂಗ್ಲ ಭಾಷೆಗಳಲ್ಲಿ.

ಆ ಪಟ್ಟಿಯಲ್ಲಿ ಕನ್ನಡವಿಲ್ಲ. ೨೦೨೫ರ ಸೆಪ್ಟೆಂಬರ್ ೧೨ರಂದು ಭಾರತದಲ್ಲಿ ತೆರೆಕಂಡ 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಚಿತ್ರದ ಪಟ್ಟಿಯಲ್ಲಿಯೂ ಇರಲಿಲ್ಲ. (ರಕ್ತಪಾತದಿಂದ 'ಮಾ'ಕ್ಕೆ ಎಡೆಯೇ ಇಲ್ಲದ ಆ ಚಿತ್ರವನ್ನು ನಾವು ಶಾಲೆಯಲ್ಲಿ ತೋರಿಸಲಿಲ್ಲ, ವಿದ್ಯಾರ್ಥಿಗಳು ನಮ್ಮ ಅಪ್ಪಣೆಗೆ ಕಾಯಲೂ ಇಲ್ಲ.) ಇದಕ್ಕೆ ಒಂದು ಹಿನ್ನೆಲೆಯುಂಟು. ಕನ್ನಡ ಚಿತ್ರೋದ್ಯಮ ಎಳೆಯದಾಗಿದ್ದ ೧೯೬೦ರ ದಶಕದಲ್ಲಿ, ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಜೋಡಿಸಿ ತಂದರೆ ನಮ್ಮ ಕಲಾವಿದರಿಗೆ ಅನ್ನವಿಲ್ಲದಂತಾಗುವುದೆಂದು ಹಿರಿಯರು ಡಬ್ಬಿಂಗನ್ನು ವಿರೋಧಿಸಿದರು. ಅಂದು ಅದಕ್ಕೆ ಕಾರಣವಿತ್ತು. ಆದರೆ ಕಾನೂನಿನಲ್ಲಿಲ್ಲದ ಆ ನಿಷೇಧ ಅರ್ಧ ಶತಮಾನ ಉಳಿಯಿತು. ಸಂಘಸಂಸ್ಥೆಗಳು ಹೀಗೆ ತಡೆಯುವುದು ಸರಿಯಲ್ಲವೆಂದು ಭಾರತೀಯ ಸ್ಪರ್ಧಾ ಆಯೋಗ ೨೦೧೫ರಲ್ಲಿ ತೀರ್ಪಿತ್ತಿತು. ಆ ನಡುವೆ ಬೆಳೆದ ಮಕ್ಕಳು ಕಾರ್ಟೂನುಗಳನ್ನು ನೋಡದೆ ಇರಲಿಲ್ಲ. ಬೇರೆ ಭಾಷೆಯಲ್ಲಿ ನೋಡಿದರು. ೨೦೨೫ರ ಜುಲೈಯಲ್ಲಿ ಬೆಂಗಳೂರಿನ ಹೊಂಬಾಳೆ ಸಂಸ್ಥೆ ಅರ್ಪಿಸಿದ 'ಮಹಾವತಾರ ನರಸಿಂಹ' ಕನ್ನಡದಲ್ಲಿಯೂ ಬಂದಾಗ, ಪ್ರಹ್ಲಾದನು ಗಣಕಯಂತ್ರದ ಚಿತ್ರದಲ್ಲಿ ಕನ್ನಡ ಆಡುತ್ತಾನೆಂಬುದೇ ನಮ್ಮ ಹುಡುಗರಿಗೆ ಒಂದು ಸುದ್ದಿಯಾಯಿತು.

ಜನವರಿಯ ಚಿತ್ರವನ್ನು ತೋರಿಸಬೇಕೇ ಬೇಡವೇ ಎಂದು ಬಹಳ ಯೋಚಿಸಿದೆವು. ಪಾಲಕರನ್ನು ಕರೆದು ತಿಳಿಸಿ, ಒಂಬತ್ತನೆಯ ಇಯತ್ತೆಯವರಿಗೆ ಮಾತ್ರ ತೋರಿಸಿದೆವು. ಅದು ಇಸಾವೊ ತಕಾಹಾತಾ ಅವರ 'ಮಿಂಚುಹುಳುಗಳ ಸಮಾಧಿ'. 'ಟೊಟೊರೊ' ಬಿಡುಗಡೆಯಾದ ದಿನವೇ, ೧೯೮೮ರ ಏಪ್ರಿಲ್ ೧೬ರಂದು, ಅದರ ಜೊತೆಯಲ್ಲಿಯೇ ತೆರೆಕಂಡುದು. ಅಕಿಯುಕಿ ನೊಸಾಕಾ ಅವರ ೧೯೬೭ರ ಕಥೆ ಇದಕ್ಕೆ ಆಧಾರ. ಯುದ್ಧದ ಕೊನೆಯ ವರ್ಷದಲ್ಲಿ ನೊಸಾಕಾ ಅವರ ಪುಟ್ಟ ತಂಗಿ ಅನ್ನವಿಲ್ಲದೆ ಸತ್ತಿದ್ದಳು. ೧೯೪೫ರಲ್ಲಿ ಕೋಬೆ ನಗರದ ಮೇಲೆ ಬೆಂಕಿಯ ಬಾಂಬುಗಳು ಬಿದ್ದು ತಾಯಿ ಸತ್ತ ಮೇಲೆ, ಹದಿನಾಲ್ಕರ ಸೇಯಿತಾ ನಾಲ್ಕರ ತಂಗಿ ಸೆತ್ಸುಕೊವಿನೊಡನೆ ಬಂಧುವಾದ ಒಬ್ಬ ಅತ್ತೆಯ ಮನೆಗೆ ಸೇರುತ್ತಾನೆ. ಅಕ್ಕಿ ಮುಗಿಯುತ್ತ ಬಂದಂತೆ ಅತ್ತೆಯ ಮಾತು ಕಟುವಾಗುತ್ತದೆ: ದುಡಿಯುವವರಿಗೂ ಸುಮ್ಮನೆ ಕೂರುವವರಿಗೂ ಒಂದೇ ಊಟವೇ? ಸೇಯಿತಾ ತಂಗಿಯನ್ನು ಕರೆದುಕೊಂಡು ಮನೆ ಬಿಟ್ಟು, ಕೊಳದ ದಂಡೆಯ ಗುಹೆಯೊಂದರಲ್ಲಿ ಸಂಸಾರ ಹೂಡುತ್ತಾನೆ. ಸೆತ್ಸುಕೊ ಹಸಿವೆಯಿಂದ ಕ್ಷೀಣಿಸಿ ಸಾಯುತ್ತಾಳೆ. ಸ್ವಲ್ಪ ದಿನಗಳಲ್ಲಿ ಅವನೂ.

ಚಿತ್ರ ಮುಗಿದ ಮೇಲೆ ಜಮಖಾನೆಗಳನ್ನು ಬಿಚ್ಚಲು ಯಾರೂ ಏಳಲಿಲ್ಲ. ಅಂದಿನ ಬೆನ್ಶಿಗಳಿಬ್ಬರೂ ಕೊನೆಯ ಭಾಗವನ್ನು ಆಡದೆ ಸುಮ್ಮನಾಗಿದ್ದರು.

ವಿಮರ್ಶೆಗಳಲ್ಲಿ ಹೆಚ್ಚಿನವು ಅತ್ತೆಯನ್ನು ಬೈದವು. ಒಂದು ಮಾತ್ರ ಬೈಯಲಿಲ್ಲ. ಅದನ್ನು ಬರೆದವನು ಊರಿನಲ್ಲಿ ತಂದೆತಾಯಿಗಳನ್ನು ಬಿಟ್ಟು ಇಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುವ ಹುಡುಗ. ಅವನ ಅನುಮತಿ ಪಡೆದೇ ಇದನ್ನು ಹೇಳುತ್ತಿದ್ದೇವೆ. ಅತ್ತೆಯ ಮನೆಯಲ್ಲಿ ಮಗಳಿದ್ದಾಳೆ, ಬಾಡಿಗೆಯವನಿದ್ದಾನೆ, ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಅಕ್ಕಿಯನ್ನು ಅಳೆದು ಹಾಕಬೇಕು. ಅಳೆದು ಹಾಕುವವರ ಕಷ್ಟ ಉಣ್ಣುವವರಿಗೆ ಕಾಣುವುದಿಲ್ಲ. ಸೇಯಿತಾ ಒಂದು ದಿನವಾದರೂ ನೀರು ಹೊತ್ತು ತರಲಿಲ್ಲ, ಉಂಡ ಬಟ್ಟಲು ತೊಳೆಯಲಿಲ್ಲ. ಅಭಿಮಾನಕ್ಕಾಗಿ ಮನೆ ಬಿಟ್ಟನು, ಅದರ ಬೆಲೆಯನ್ನು ತಂಗಿ ಕೊಟ್ಟಳು. ಹೀಗೆ ಎರಡು ಪುಟ ಬರೆದು, "ನಾನಾಗಿದ್ದರೆ ಅಲ್ಲಿಯೇ ಇರುತ್ತಿದ್ದೆ" ಎಂದು ಮುಗಿಸಿದ್ದನು. ಇದನ್ನು ತರಗತಿಯಲ್ಲಿ ಓದಿದಾಗ ಒಬ್ಬ ವಿದ್ಯಾರ್ಥಿನಿ ಎದ್ದು, ಅಕ್ಕಿಯನ್ನು ಅಳೆಯಲಿ, ಮಾತನ್ನೂ ಅಳೆಯಬಾರದೇಕೆ ಎಂದು ಕೇಳಿದಳು. ಇನ್ನೊಬ್ಬನು, ತಾಯಿಯ ಸೀರೆಯಂಥ ಆ ಕಿಮೊನೊಗಳನ್ನು ಮಾರಿಯೇ ಅಕ್ಕಿ ತಂದುದಲ್ಲವೆ, ಅದರಲ್ಲಿ ಮಕ್ಕಳ ಪಾಲೆಷ್ಟೆಂದು ಲೆಕ್ಕ ಹಾಕಿದನು. ಎರಡು ತಾಸುಗಳ ಕಾಲ ವಾದ ನಡೆಯಿತು. ಒಮ್ಮೆಯೂ ಹಿಂದಿ ಬರಲಿಲ್ಲ. ಇದನ್ನು ಗಮನಿಸಿದವರು ನಾವಲ್ಲ; ಜೂನ್ ತಿಂಗಳಲ್ಲಿ ಕನ್ನಡದಲ್ಲಿ ಹೇಳಲು ಬರುವುದಿಲ್ಲವೆಂದಿದ್ದ ಆ ಕಲಬುರಗಿಯ ಹುಡುಗನೇ ಹೊರಡುವಾಗ ಹೇಳಿದನು.

ತಕಾಹಾತಾ ಅವರು ತಮ್ಮದು ಬರಿಯ ಯುದ್ಧವಿರೋಧದ ಚಿತ್ರವೆಂದು ಹೇಳುವುದನ್ನು ಒಪ್ಪುತ್ತಿರಲಿಲ್ಲ. ಜನರಿಂದ ದೂರ ಸರಿದು ತಮ್ಮದೇ ಲೋಕ ಕಟ್ಟಿಕೊಳ್ಳಹೊರಟ ಇಬ್ಬರು ಮಕ್ಕಳ ಬಾಳು ಏನಾಯಿತೆಂಬುದನ್ನು ಎಳೆಯರು ಕಾಣಬೇಕೆಂಬುದು ಅವರ ಉದ್ದೇಶವಾಗಿತ್ತು. ಈ ಸಂಗತಿಯನ್ನು ವಾದ ಮುಗಿದ ಮೇಲೆಯೇ ತಿಳಿಸಿದೆವು; ಮೊದಲೇ ತಿಳಿಸಿದ್ದರೆ ಎಲ್ಲರೂ ನಿರ್ದೇಶಕರ ಮಾತನ್ನೇ ಬರೆದು ತರುತ್ತಿದ್ದರು. ವರ್ಷದ ವಿಮರ್ಶೆಗಳಲ್ಲಿ ನಮ್ಮ ಮಟ್ಟಿಗೆ ಆ ಹುಡುಗನದೇ ಅತ್ಯುತ್ತಮವಾದುದು. ನಾವು ಅದನ್ನು ಪೂರ್ತಿಯಾಗಿ ಒಪ್ಪುತ್ತೇವೆಂದು ಇದರ ಅರ್ಥವಲ್ಲ.

ಫೆಬ್ರುವರಿಯ ಕೊನೆಯ ಚಿತ್ರ, ಯೊಶಿಫುಮಿ ಕೊಂದೊ ಅವರ ೧೯೯೫ರ 'ಹೃದಯದ ಪಿಸುಮಾತು', ಪರೀಕ್ಷೆಯ ಗದ್ದಲದಲ್ಲಿ ಸಿಕ್ಕಿಕೊಂಡಿತು. ಪರೀಕ್ಷೆಗೆ ಓದುವುದನ್ನು ಬಿಟ್ಟು ಕಥೆ ಬರೆಯಹೊರಟ ಹುಡುಗಿಯ ಚಿತ್ರವನ್ನು ಆ ತಿಂಗಳಲ್ಲಿ ತೋರಿಸಿದ ಶಿಕ್ಷಕರನ್ನು ಮುಖ್ಯಾಧ್ಯಾಪಕರು ಏನೂ ಅನ್ನಲಿಲ್ಲ. ಅದು ಅವರ ದೊಡ್ಡತನ.

ಮಾತುಗಳನ್ನು ಕನ್ನಡಿಸುವಾಗ ದೊರೆತ, ದೊರೆಯದ ಶಬ್ದಗಳಿಗಾಗಿ ಬೆನ್ಶಿಗಳು ಒಂದು ವಹಿಯನ್ನು ಇಟ್ಟಿದ್ದಾರೆ. ಅದರಲ್ಲಿ 'ಮಾ' ಎಂಬುದರ ಮುಂದೆ ಬಿಡುವು, ತೆರಪು, ಎಡೆ, ಮೌನ ಎಂದು ಬರೆದು ಎಲ್ಲವನ್ನೂ ಹೊಡೆದುಹಾಕಿದ್ದಾರೆ. ಕೆಳಗೆ ಯಾರೋ ಪೆನ್ಸಿಲಿನಲ್ಲಿ, ಭಾಗವತರು ಪದ ನಿಲ್ಲಿಸಿ ಚೆಂಡೆ ಇನ್ನೂ ಬೀಳದಿರುವ ಹೊತ್ತಿಗೆ ಏನೆನ್ನುತ್ತಾರೆಂದು ಕೇಳಿದ್ದಾರೆ. ಆ ಸಾಲಿನ ಮುಂದಿನ ಜಾಗ ಖಾಲಿಯಿದೆ. ವಹಿಯೂ ನಲವತ್ತೊಂದು ವಿಮರ್ಶೆಗಳೂ ಗ್ರಂಥಾಲಯದ ಎರಡನೆಯ ಕಪಾಟಿನಲ್ಲಿವೆ; ಏಳನೆಯ ಇಯತ್ತೆಯವರು ಜೂನ್ ತಿಂಗಳಿಗೆ ಮೊದಲು ಓದಿಕೊಂಡು ಬರತಕ್ಕದ್ದು.